ಅಳೆದು ಸುರಿ

ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುತ್ತಾರೆ.
ಸುರಿದಾಯಿತು.
ಅಳೆಯಲು ಈಗ ನನ್ನನ್ನು ಕಳಿಸಿದ್ದಾರೆ,
ಅಗಲ ಬಾಯಿಯ ಇಪ್ಪತ್ತನಾಲ್ಕು ಗಾಜಿನ ಬಾಟಲಿ,
ಒಂದು ಐಸ್ ಡಬ್ಬಿ, ರಬ್ಬರ್ ಬೂಟು ಕೊಟ್ಟು.

ಸೌತ್ ಪ್ಲಾಟ್ ಇಳಿದು ಐದು ದಿನ.
ಜೋಳದ ಹೊಲದ ನಡುವೆ ತೈಲದ ಹಸಿರು ಟ್ಯಾಂಕು
ಹೊಟ್ಟೆಯುಬ್ಬರಿಸಿದ ಹಸುವಿನ ಹಾಗೆ ಮಗ್ಗುಲಾಗಿದೆ.
ಅದನ್ನು ನೆಲಕ್ಕೆ ಕಟ್ಟಿದ್ದ ಉಕ್ಕಿನ ಹಗ್ಗ
ನನ್ನ ಕಿರುಬೆರಳಿಗಿಂತ ದಪ್ಪವಿಲ್ಲ.
ಕಾಟನ್‌ವುಡ್ ಮರಗಳಿಗೆಲ್ಲ ಎದೆಮಟ್ಟದಲ್ಲಿ ಒಂದು ಕಪ್ಪು ಪಟ್ಟಿ,
ದರ್ಜಿ ಅಳತೆಯ ಟೇಪು ಸುತ್ತಿ
ಬಿಚ್ಚುವುದ ಮರೆತು ಊಟಕ್ಕೆ ಹೋದಂತೆ.

ಮೇಲಧಿಕಾರಿ ಪ್ರುವಿಟ್ ಫೋನಿನಲ್ಲಿ ಹೇಳಿದ:
ಹೋದದ್ದು ಇಷ್ಟು ಬ್ಯಾರೆಲ್, ಹರಿದದ್ದು ಅಷ್ಟು ನೀರು,
ಭಾಗಿಸು.
ಭಾಗಿಸಿದೆ. ಸೊನ್ನೆ, ಚುಕ್ಕಿ, ಸೊನ್ನೆ, ಮತ್ತೆ ಸೊನ್ನೆ.
ಹೊಳೆಯಲ್ಲಿ ತೊಳೆದ ಹುಣಸೆಹಣ್ಣು.
ಅವನು ಸುಳ್ಳು ಹೇಳುತ್ತಿಲ್ಲ, ಅದೇ ಕಷ್ಟ.
ಮೇಲಿನ ಊರುಗಳ ಕೊಳಚೆ ಒಡೆದು ಬಂದದ್ದು ಇದಕ್ಕಿಂತ ಹೆಚ್ಚು;
ಗೊಬ್ಬರದಂಗಡಿಯ ಯೂರಿಯಾ, ಗ್ಯಾರೇಜುಗಳ ಪೇಂಟು,
ಯಾರದೋ ಈಜುಕೊಳದ ಕ್ಲೋರಿನ್, ಸತ್ತ ಕರು.
ತಕ್ಕಡಿಯ ಆ ತಟ್ಟೆ ನಿಜಕ್ಕೂ ಕೆಳಗಿದೆ.
ಕೋಪಕ್ಕೆಂದು ಎಣ್ಣೆಯ ಹೆಸರಿಗೆ
ಒಂದು ಗ್ರಾಂ ಹೆಚ್ಚು ಬರೆಯಲಾರೆ.
ನನ್ನ ಜೀಪು ಇಲ್ಲಿಗೆ ಬಂದದ್ದೂ ಅದನ್ನೇ ಕುಡಿದು.

ಆದರೆ ಗ್ಯಾಸು?
ಪೈಪು ಮುರಿದಲ್ಲಿ ಇಡೀ ರಾತ್ರಿ ಬುಸುಗುಟ್ಟಿತಂತೆ.
ಯುಸೇಬಿಯೊ ಆರ್ಚುಲೆಟಾ ಛಾವಣಿಯ ಮೇಲೆ ಕೂತು
ತುಟಿಯಲ್ಲಿ ಸಿಗರೇಟಿಟ್ಟುಕೊಂಡು, ಹಚ್ಚದೆ, ಬೆಳಗು ಮಾಡಿದ.
ಅದು ನೀರಿಗೆ ಇಳಿಯಲಿಲ್ಲ, ಕಲೆ ಬಿಡಲಿಲ್ಲ,
ಮೇಲೆ ಹೋಯಿತು.
ಯಾವ ಬಾಟಲಿಯ ಬಾಯಿ ತೆರೆದು ಹಿಡಿಯಲಿ?
ನನ್ನ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ.
ಹಚ್ಚದ ಸಿಗರೇಟಿಗೂ ಇಲ್ಲ.

ವರ್ನಾ ಕ್ಯಾಮರ್ಜೆಲ್‌ಗೆ ಎಂಬತ್ತೊಂದು.
ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ
ಮೂವತ್ತೆಂಟು ಸುಗ್ಗಿ ದುಡಿದವಳು.
ಲಾರಿಯ ಬೀಟ್‌ಗೆಡ್ಡೆ ಮಣ್ಣು ಮೆತ್ತಿಕೊಂಡೇ ಬರುತ್ತದೆ;
ಒಂದು ಚೀಲ ತೆಗೆದು, ತೊಳೆದು, ಮತ್ತೆ ತೂಗಿ
ಮಣ್ಣಿನ ಭಾರ ಕಳೆದು ಚೀಟಿ ಬರೆಯುವುದು ಅವಳ ಕೆಲಸ.
"ಮಣ್ಣು ಕಳೆದರೆ ಬೆಳೆ ಎಷ್ಟು?
ನಿದ್ದೆಗಣ್ಣಲ್ಲೂ ಹೇಳುತ್ತೇನೆ," ಅಂದಳು.
"ಇದನ್ನೆಲ್ಲ ಕಳೆದರೆ ಮಣ್ಣು ಎಷ್ಟು?
ಅದನ್ನು ಯಾರೂ ಕಲಿಸಲಿಲ್ಲ ಕಣೆ."

ಅವಳ ಬಾವಿಗೆ ಮುಚ್ಚಳವಿತ್ತು.
ಪ್ರವಾಹ ಅದರ ಮೇಲೆ ಎರಡು ದಿನ ಕೂತಿತ್ತು.
ಹಿತ್ತಲಲ್ಲಿ ಕಪ್ಪೆಗಳ ಸದ್ದಿಲ್ಲ;
ಇದ್ದಾಗ ಯಾರೂ ಎಣಿಸಿರಲಿಲ್ಲವಾದ್ದರಿಂದ
ಇಲ್ಲವಾದದ್ದೂ ಲೆಕ್ಕಕ್ಕಿಲ್ಲ.
ನಷ್ಟದ ಅರ್ಜಿಯಲ್ಲಿ ಅವಳು ಬರೆದದ್ದು:
ಫ್ರಿಜ್ಜು ಒಂದು, ಹಾಸಿಗೆ ಎರಡು,
ಆಮೇಲೆ, ವಾಸನೆ.
ಎದುರಿಗೆ ಬೆಲೆಯ ಜಾಗ ಖಾಲಿ.

ನೀರ ಮೇಲೆ ಮಿನುಗುವುದೆಲ್ಲ ಎಣ್ಣೆಯಲ್ಲ.
ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸಿದ್ದರು:
ಕಡ್ಡಿಯಲ್ಲಿ ಕದಡಿ ನೋಡು.
ತೆಳುಗಾಜಿನಂತೆ ಒಡೆದು ಚೂರಾದರೆ
ಅದು ಕೊಳೆತ ಎಲೆಯದು, ಕೆಸರಿನದು, ನೀರಿನ ಸ್ವಂತದ್ದು.
ಸರಿದು, ಸುಳಿದು, ಮತ್ತೆ ಕೂಡಿಕೊಂಡರೆ
ಅದು ನಮ್ಮದು.

ಪ್ರಯೋಗಾಲಯದ ಉತ್ತರ ಬರಲು ಮೂರು ವಾರ.
ಅಷ್ಟರಲ್ಲಿ ಹೊಳೆ, ಯಾವ ಕಾಗದಕ್ಕೂ ಸಹಿ ಹಾಕದೆ,
ನೆಬ್ರಾಸ್ಕದ ಗಡಿ ದಾಟಿ ಹೋಗಿತ್ತು.
ಎರಡು ಬಾಟಲಿಯಲ್ಲಿ ಬೆಂಜೀನ್, ಮಿತಿಯೊಳಗೆ.
ಇಪ್ಪತ್ತೊಂದರಲ್ಲಿ "ಪತ್ತೆಯಾಗಲಿಲ್ಲ."
ಇಲ್ಲ ಎಂದಲ್ಲ,
ಪತ್ತೆಯಾಗಲಿಲ್ಲ.

ಇಪ್ಪತ್ತನಾಲ್ಕನೆಯದನ್ನು ವರ್ನಾ ಕೇಳಿ ಇಟ್ಟುಕೊಂಡಿದ್ದಳು.
ಅಡುಗೆಮನೆಯ ಕಿಟಕಿಯಲ್ಲಿ, ಬಿಸಿಲಿಗೆ, ಮುಚ್ಚಳ ತೆಗೆದು.
ವರದಿ ಓದಿ ಹೇಳಿದೆ. ತಲೆಯಾಡಿಸಿದಳು.
ಹಳೇ ತೂಕದ ಚೀಟಿ ಬರೆಯುತ್ತಿದ್ದ ಮೋಟು ಪೆನ್ಸಿಲ್ ಹುಡುಕಿ
ನೀರಿನ ನಡುವೆ ಒಂದು ಗೀಟೆಳೆದಳು.

ಬಣ್ಣಗಳು ಎರಡು ದಡವಾಗಿ ನಿಂತವು,
ಸ್ವಲ್ಪ ಹೊತ್ತು.